ಹದಿನಾರು ಕಡ್ಡಿ

ಮುನಿತಾಯಿ,

ರಿಪೋರ್ಟ್ ಬಂತು ಕಣೇ. ನಿಂತಿದ್ರೆ ಕೂತ್ಕೋ. ನಾನು ಎರಡೆರಡು ಸಲ ಓದ್ದೆ. ಏನೋ ಕಮ್ಮಿಯಾಗಿದೆಯಂತೆ, ಹಿಂಗೇ ಬಿಟ್ರೆ ಮುಂದಿನ ವರ್ಷ ಕಷ್ಟ ಅಂತ ಬರೆದವ್ರೆ.

ಕಮ್ಮಿಯಾಗಿರೋದು ಸತು. ಇದು ಕೆರೆ ಹಿಂದಿನ ನಮ್ಮ ಹೊಲದ ಮಣ್ಣಿನ ರಿಪೋರ್ಟ್. ಕೃಷಿ ಆಫೀಸಿನೋರು ಯುಗಾದಿ ಹೊತ್ತಲ್ಲಿ ಎರಡು ಹಿಡಿ ಮಣ್ಣು ತಗೊಂಡೋಗಿದ್ರಲ್ಲ, ಅದು. ನೀನು ಹೊಲಕ್ಕೋದ್ಮೇಲೆ ಪೋಸ್ಟಿನ ಬೈರಣ್ಣ ತಂದ್ಕೊಟ್ಟ. ತಪ್ಪಾಯ್ತು. ಕಾಗದ ಹರಿದಾಕ್ಬೇಡ, ಪೂರ್ತಿ ಓದು. ನನ್ನ ಬಾಯಿ ರಿಪೋರ್ಟ್ ಬರೋದು ಸೋಮವಾರಾನೇ. ಇವತ್ತು ಶನಿವಾರ. ಮಣ್ಣಾದ್ರೆ ಏನೋ ಒಂದು ಚೀಲ ಎರಚಿ ಸರಿಮಾಡ್ಬೋದು.

ಒಂದೇ ಮನೇಲಿದ್ಕೊಂಡು ಕಾಗದ ಯಾಕೆ ಅಂತ ಕೇಳ್ತೀಯ. ಹೊಲಿಗೆ ಬಿಚ್ಚೋವರ್ಗೂ ಮಾತಾಡ್ಬಾರ್ದು ಅಂದವ್ರೆ. ಸ್ಲೇಟಲ್ಲಿ ಬರೀಬೋದಿತ್ತು. ಆದ್ರೆ ಮೂರು ದಿನದಿಂದ ನೋಡ್ತಿದ್ದೀನಿ, ಸ್ಲೇಟಲ್ಲಿ ಈ ವಿಷಯ ಶುರು ಮಾಡ್ತೀನಿ, ನೀನು ಬರೋ ಸದ್ದಾದ್ರೆ ಅಂಗೈಲಿ ಒರೆಸಿ 'ಗಂಜಿ ಬಿಸಿ ಜಾಸ್ತಿ' ಅಂತ ಬರೆದ್ಬಿಡ್ತೀನಿ. ಪೇಪರಾದ್ರೆ ಅಳಿಸೋಕಾಗಲ್ಲ. ಊರಿಗೆಲ್ಲ ಬಾಯಿ ಬಡ್ಕೋತಿದ್ದ ಪಿಳ್ಳಣ್ಣ ಈಗ ಬರೀ ಪಿಳಿಪಿಳಿ ಕಣ್ಣು ಬಿಡೋ ಪಿಳ್ಳಣ್ಣ ಆಗೋದ.

ಗುರುವಾರ ಪರೀಕ್ಷೆಗೆ ಅಂತ ಕೆನ್ನೆ ಒಳಗಿಂದ ತೊಗರಿಬೇಳೆಯಷ್ಟು ಚೂರು ತೆಗೆದ್ರಲ್ಲ, ಅದನ್ನ ನೀನು ಎಲ್ಲಾರ್ಗೂ 'ಬಾಯಾಪ್ಸಿ' ಅಂತಿದ್ದೀಯ. ಮಗ ಭೀಮರಾಜ 'ಬಯಾಪ್ಸಿ' ಅಂತ ತಿದ್ದೋಕೆ ಬಂದ, ನಾನೇ ಕೈ ಅಡ್ಡ ಹಿಡಿದೆ. ಬಾಯಿಗೆ ಮಾಡಿದ್ರೆ ಬಾಯಾಪ್ಸಿ ಅಲ್ದೆ ಇನ್ನೇನು. ನಿನ್ನೆ ಪಕ್ಕದ್ಮನೆ ಮಾರಕ್ಕ ತನ್ನ ತಂಗಿಗೆ ಎದೆ ಹತ್ರ ಅದೇ ಪರೀಕ್ಷೆ ಮಾಡಿದ್ರು ಅಂದಾಗ, 'ಎದೆಗೆಲ್ಲಿಂದ ಬಂತಮ್ಮ ಬಾಯಿ' ಅಂತ ನೀನು ಗಂಭೀರವಾಗಿ ಕೇಳ್ದೆ. ನಗು ಬಂತು. ನಕ್ಕೆ. ಹೊಲಿಗೆ ಜಗ್ಗಿ ಕಣ್ಣಲ್ಲಿ ನೀರು ಬಂತು. ನೀನು ನೋವು ಅಂದ್ಕೊಂಡೆ. ನೋವೂ ಇತ್ತು.

ಏರ್ಪೋರ್ಟ್ ಶುರುವಾದ ಹೊಸದ್ರಲ್ಲಿ ನಾನಾಡ್ತಿದ್ದ ಆಟ ನೆನಪಿದೆಯಾ? ಬೂದಿಗೆರೆ ಮೇಲೆ ವಿಮಾನ ಬಂತು ಅಂದ್ರೆ ಮಾತಾಡ್ತಿದ್ದೋನು ಸದ್ದಿಲ್ದೆ ಬರೀ ತುಟಿ ಆಡಿಸ್ತಿದ್ದೆ. ವಿಮಾನ ಹೋದ್ಮೇಲೆ ನೀನು 'ಏನಂದ್ರಿ, ಕೇಳ್ಸಲಿಲ್ಲ' ಅಂತಿದ್ದೆ. 'ಒಂದ್ಸಲ ಹೇಳಿದ್ದು ಮತ್ತೆ ಹೇಳಲ್ಲ' ಅಂತ ಬಿಂಕ ಮಾಡ್ತಿದ್ದೆ. ನಿಂಗೆ ಗೊತ್ತಾಗೋಕೆ ಎರಡು ವರ್ಷ ಹಿಡೀತು, ಆಮೇಲೆ ಎರಡು ದಿನ ಉಪ್ಪಿಲ್ದ ಸಾರು ಹಾಕ್ದೆ. ಕೋಪ ಬಂದ್ರೆ ಮುನಿ, ತಟ್ಟೆ ಇಟ್ರೆ ತಾಯಿ, ಇಬ್ರೂ ಒಂದೇ ಹೆಸ್ರಲ್ಲಿ ಸಿಕ್ಕಿದ್ರು ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದೆ. ಈಗ ವಿಮಾನ ಬರ್ತದೆ, ಹೋಗ್ತದೆ. ಸದ್ದು ಪೂರ್ತಿ ಅಡಗಿದ್ಮೇಲೂ ನೀನು ನನ್ನ ತುಟೀನೇ ನೋಡ್ಕೊಂಡು ನಿಂತಿರ್ತೀಯ. ಅಭ್ಯಾಸ.

ಹೇಳ್ಬೇಕಾದ್ದು ಕಡ್ಡಿ ವಿಷಯ.

ಹದಿನೆಂಟನೇ ವಯಸ್ಸಿಂದ ಕಡ್ಡಿಪುಡಿ ಹಾಕ್ದೋನು ನಾನು. ಎರಡು ವರ್ಷದ ಹಿಂದೆ ಕೆನ್ನೆ ಕೊಯ್ದು, ಮೂವತ್ಮೂರು ದಿನ ಕರೆಂಟ್ ಕೊಟ್ರು, ಅದೇ ರೇಡಿಯೇಷನ್. ಗಡ್ಡೆ ಹೋಯ್ತು, ಜೊತೆಗೆ ಬಾಯಿ ಮುಚ್ಚಿಕೊಂಡು ಬಂತು. ಆಗ ನರ್ಸಮ್ಮ ಐಸ್‌ಕ್ಯಾಂಡಿ ಕಡ್ಡಿಗಳನ್ನ ಒಂದರ ಮೇಲೊಂದು ಜೋಡಿಸಿ ಹಲ್ಲಿನ ಮಧ್ಯೆ ತೂರ್ಸಿ, 'ದಿನಾ ಹಿಂಗೆ ಮಾಡಿ, ಕಡ್ಡಿ ಹೆಚ್ಚಾದಂಗೆ ಬಾಯಿ ತೆರ್ಕೋತದೆ. ಕಡ್ಡಿ ಕಮ್ಮಿಯಾದ್ರೆ ಮಾತ್ರ ತಕ್ಷಣ ಬನ್ನಿ' ಅಂದ್ರು. ಪುಡಿ ಬಿಟ್ಟೆ, ಕಡ್ಡಿ ಹಿಡಿದೆ ಅಂತ ನಾನು ಸ್ಲೇಟಲ್ಲಿ ಬರೆದೆ. ನೀನು ನಗಲಿಲ್ಲ. ಅಂಗಡೀಲಿ ಒಂದು ಕಟ್ಟು ಕಡ್ಡಿ ತಂದು, ಬಿಸಿನೀರಲ್ಲಿ ಕುದಿಸಿ, ಬಿಸಿಲಿಗೆ ಒಣಗಿಸಿ, ರಬ್ಬರ್ ಬ್ಯಾಂಡ್ ಹಾಕ್ದೆ.

ಮೊದಲು ಒಂಬತ್ತು. ದಸರಾ ಹೊತ್ಗೆ ಹನ್ನೆರಡು. ಹದಿನಾರು ಹಿಡಿಸಿದ ದಿನ ಒಬ್ಬಟ್ಟು ಮಾಡಿ, ಹಾಲಲ್ಲಿ ಕಿವುಚಿ, ಮಗೂಗೆ ತಿನ್ಸೋ ಹಂಗೆ ತಿನ್ಸಿದೆ. ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದೋಳೇ, 'ಎಷ್ಟಾಯ್ತು' ಅಂತ ಬಾಗ್ಲಲ್ಲೇ ಕೇಳ್ತಿದ್ದೆ. ನಾನು ಬಾಯಲ್ಲಿ ಕಡ್ಡಿ ಇಟ್ಕೊಂಡೇ ಕೂತಿರ್ತಿದ್ದೆ. ನೀನು ಒಂದೊಂದೇ ಎಣಿಸ್ತಿದ್ದೆ. ಹದಿನಾರು ಅಂತ ಮುಗಿಸಿದ್ಮೇಲೇ ನೀನು ಕಾಫಿಗಿಡೋದು.

ಗುರುವಾರ ಚೆಕಪ್ಪಿಗೆ ಹೋದಾಗ ಡಾಕ್ಟ್ರಮ್ಮ ಬಾಯೊಳಗೆ ಬಿಳಿ ಮಚ್ಚೆ ನೋಡಿ, 'ಬಾಯಿ ಇಷ್ಟೇ ತೆರೆಯೋದು ಯಾವಾಗಿಂದ' ಅಂತ ಕೇಳಿದ್ರು. ನೀನು ಬ್ಯಾಗಿಂದ ಕಟ್ಟು ತೆಗೆದು, 'ಇಲ್ಲಮ್ಮ, ದಿನಾ ಹದಿನಾರು ಹಿಡಿಸ್ತದೆ, ನಾನೇ ಎಣಿಸ್ತೀನಿ' ಅಂದೆ. ಆ ಗತ್ತು ನಾನು ಯಾವತ್ತೂ ಮರೆಯಲ್ಲ. ಅವ್ರು ಕಟ್ಟನ್ನ ಕೈಗೂ ತಗೊಳ್ಳಲಿಲ್ಲ. ಸ್ಕೇಲ್ ಇಟ್ಟು ಅಳೆದು, 'ಎರಡು ಸೆಂಟಿಮೀಟರ್ ಚಿಲ್ರೆ ಇದೆ ಅಷ್ಟೇ. ಹದಿನಾರು ಆಗೋಕೆ ಸಾಧ್ಯ ಇಲ್ಲ. ಎಣಿಸೋದ್ರಲ್ಲಿ ತಪ್ಪಿದೆ ನೋಡಿ. ಮುಂಚೆನೇ ಬರ್ಬೇಕಿತ್ತು' ಅಂದ್ರು.

ಆವತ್ತಿಂದ ನೀನು ಸರಿಯಾಗಿ ಊಟ ಮಾಡಿಲ್ಲ. ನಿನ್ನೆ ಹಿತ್ಲಲ್ಲಿ ಆ ಕಟ್ಟು ಬಿಚ್ಚಿ, ಚಪ್ಪಡಿ ಮೇಲೆ ಸಾಲಾಗಿ ಇಟ್ಟು ಎಣಿಸ್ತಿದ್ದೆ. ಮತ್ತೆ ಎಣಿಸ್ದೆ. ಮಾರಕ್ಕನ ಹತ್ರ, 'ನಾಕನೇ ಕ್ಲಾಸಿಗೇ ಬಿಟ್ಟೋಳು ನಾನು, ನಂಗೆಲ್ಲಿ ಲೆಕ್ಕ ಬರ್ತದೆ, ನನ್ನಿಂದ ಇವ್ರಿಗೆ ಹಿಂಗಾಯ್ತು' ಅಂದಿದ್ದು ಕೇಳಿಸ್ಕೊಂಡೆ. ಬಾಯಿ ಹೋಗಿದೆ, ಕಿವಿ ನೆಟ್ಟಗಿದೆ.

ನನ್ನ ಚೇಷ್ಟೆಗಳಲ್ಲಿ ಅರ್ಧ ನಾನು ಮಾಡಿದ್ದಲ್ಲ. ಏರ್ಪೋರ್ಟಿಗೆ ಸರ್ವೆ ಮಾಡೋ ಕಾಲಕ್ಕೆ ವೆಂಕಟರಾಯಪ್ಪನ ಅಂಗಳದಲ್ಲಿ ಸುಣ್ಣ ಬಳಿದ ಕಲ್ಲು ನೆಟ್ಟು, ಅವನು ಮನೆ ಹೋಯ್ತು ಅಂತ ತಾಲೂಕಾಫೀಸಿಗೆ ಓಡೋ ಹಂಗೆ ಮಾಡಿದ್ದು ಸೊಣ್ಣಪ್ಪ. ಹೆಸರು ನಂಗೆ ಬಂತು, ಚೆನ್ನಾಗಿತ್ತು, ಇಟ್ಕೊಂಡೆ. ಈಗ ಹೇಳೋದು ಮಾತ್ರ ನಾನೇ ಮಾಡಿದ್ದು. ಕಡ್ಡಿ ಮುರಿದಂಗೆ ಹೇಳ್ತೀನಿ.

ಶಿವರಾತ್ರಿ ಆದ್ಮೇಲೆ ಒಂದು ದಿನ ಹದಿನಾರನೇದು ಹೋಗಲಿಲ್ಲ. ವಾರಕ್ಕೆ ಹದಿನೈದನೇದೂ ಹೋಗಲಿಲ್ಲ. ಕನ್ನಡಿ ಹಿಡಿದು ನೋಡಿದ್ರೆ ಮಚ್ಚೆ ಆಗ್ಲೇ ಇತ್ತು, ಸಾಸಿವೆಯಷ್ಟು. ನೀನು ಡೈರಿಗೆ ಹೋದ ಹೊತ್ತಲ್ಲಿ ಬಡಗಿ ಗಂಗಣ್ಣ ಬಿಟ್ಟೋಗಿದ್ದ ಉಪ್ಪುಕಾಗದ ತಗೊಂಡು ಕಡ್ಡಿಗಳನ್ನ ತೆಳ್ಳಗೆ ಉಜ್ಜಿದೆ. ಸ್ವಲ್ಪವೇ. ಬಾಯಿ ಇನ್ನಷ್ಟು ಕಮ್ಮಿಯಾಯ್ತು, ಮತ್ತೆ ಉಜ್ಜಿದೆ. ಹದಿನಾರು ಹದಿನಾರಾಗೇ ಉಳೀತು. ಜನ ಕಡ್ಡೀನ ಗುಡ್ಡ ಮಾಡ್ತಾರೆ, ನಾನು ಗಡ್ಡೇನ ಕಡ್ಡಿ ಮಾಡ್ದೆ. ನಿನ್ನ ಮುಖ ಬಾಡ್ಬಾರ್ದು ಅಂತ ಮಾಡ್ದೆ ಅಂತ ನಂಗೆ ನಾನೇ ಹೇಳ್ಕೊಂಡಿದ್ದೀನಿ. ಅದು ಪೂರ್ತಿ ನಿಜ ಅಲ್ಲ. ಆ ಕರೆಂಟ್ ಮೇಜಿನ ಮೇಲೆ ಮತ್ತೆ ಮಲ್ಗೋಕೆ ನಂಗೆ ಭಯ.

ನೀನು ಒಂದ್ಸಲಾನೂ ತಪ್ಪೆಣಿಸಿಲ್ಲ ಮುನಿತಾಯಿ. ಐದು ತಿಂಗಳು, ಎಲ್ಲಾ ದಿನವೂ ಸರಿಯಾಗೇ ಎಣಿಸಿದ್ದೀಯ. ತಪ್ಪಿದ್ದಿದ್ದು ಕಡ್ಡೀಲಿ. ಸೋಮವಾರ ರಿಪೋರ್ಟಲ್ಲಿ ಏನೇ ಬಂದಿರ್ಲಿ, ಡಾಕ್ಟ್ರಮ್ಮನ ಮುಂದೆ ಇದನ್ನ ನೀನೇ ಹೇಳು, ಜೋರಾಗಿ ಹೇಳು. ನಾನು ಪಕ್ಕದಲ್ಲಿ ತಲೆ ಆಡಿಸ್ತೀನಿ. ಎರಡು ದಿನ ಉಪ್ಪಿಲ್ದ ಗಂಜಿ ಹಾಕು, ಕುಡೀತೀನಿ. ಊಟ ಮಾತ್ರ ನೀನು ಬಿಡ್ಬೇಡ.

ನಿನ್ನ ಕೈ ಯಾವತ್ತೂ ತಣ್ಣಗಿರ್ಲಿ.

ನಿನ್ನ ಲೆಕ್ಕ ಕೆಡಿಸ್ದೋನು,
ಪಿಳ್ಳಣ್ಣ

ಅಂಗಡಿ ಕಟ್ಟಲ್ಲಿ ಮಿಕ್ಕಿದ್ದ, ಉಜ್ಜದೆ ಇರೋ ಕಡ್ಡಿಗಳನ್ನ ಈ ಕಾಗದದ ಜೊತೆ ಸುತ್ತಿಟ್ಟಿದ್ದೀನಿ. ಗುರುವಾರ ಆಸ್ಪತ್ರೆಗೆ ಹೊರಡೋ ಮುಂಚೆ ಅವನ್ನೇ ಬಾಯಿಗಿಟ್ಟು ನೋಡಿದ್ದೆ. ಹಿಡಿಸಿದಷ್ಟಕ್ಕೇ ರಬ್ಬರ್ ಬ್ಯಾಂಡ್ ಹಾಕಿದ್ದೀನಿ. ಎಣಿಸು. ಹನ್ನೊಂದು.