ಮೂವತ್ಮೂರು ನಿಮಿಷದ ಮುಲ್ತಾನಿ

ಕೊಟ್ಟೂರು
೧೪ ಆಗಸ್ಟ್ ೨೦೦೩

ಪ್ರೀತಿಯ ಸಂಜೀವಣ್ಣನಿಗೆ,

ಪತ್ರಿಕೆಯಲ್ಲಿ ‘ಶ್ರೋತೃ’ ಎಂಬ ಹೆಸರಿನಿಂದ, ನಿನ್ನ ತಬಲಾ ಓಡುತ್ತದೆ ಎಂದು ಬರೆದವನು ನಾನು. ಮೂರು ವರ್ಷ ಬಚ್ಚಿಟ್ಟಿದ್ದೆ. ಈಗ ಹೇಳಿದೆ. ನಿನ್ನ ಆರೋಗ್ಯ ಹೇಗಿದೆ? ವಾಸ್ಕೋದ ಮಳೆಗೆ ಕೆಮ್ಮು ಹೆಚ್ಚಾಗಿದೆ ಎಂದು ನೀನು ಬರೆದಿದ್ದೆ, ಬಂದರಿನಲ್ಲಿ ಅದಿರಿನ ಧೂಳು ಬೇರೆ. ಅವ್ವನ ಮೊಣಕಾಲು ನೋವು ಇದ್ದ ಹಾಗೇ ಇದೆ.

ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನ ಬರಹ ಯಾರು ಅಚ್ಚು ಹಾಕುತ್ತಾರೆ ಎಂದು ಹೆಸರು ಮುಚ್ಚಿಟ್ಟಿದ್ದೆ. ನಾನು ಕೆಲಸಕ್ಕಿದ್ದ ಗಾದೆಪ್ಪನ ಕ್ಯಾಸೆಟ್ ಅಂಗಡಿಗೆ ಬಂದ ಶಾಸ್ತ್ರೀಯ ಸಂಗೀತದ ಕ್ಯಾಸೆಟ್ಟುಗಳನ್ನು ಅಲ್ಲೇ ಕೇಳಿ, ಹೊಸಪೇಟೆಯ ವಾರಪತ್ರಿಕೆಗೆ ಬರೆಯುತ್ತಿದ್ದೆ. ನೀಲಗುಂದದ ಗುರುಸಂಗಪ್ಪ ಗವಾಯಿಗಳ ಮುಲ್ತಾನಿ ರಾಗದ ಕ್ಯಾಸೆಟ್ಟು ಬಂದಾಗ, ಅದರಲ್ಲಿ ತಬಲಾ ನಿನ್ನದೆಂದು ಕೈಬಿಡಲು ಮನಸ್ಸಾಗಲಿಲ್ಲ. ಅಣ್ಣನೆಂದು ಹೊಗಳಲೂ ಇಲ್ಲ. ನಿಧಾನಗತಿಯ ವಿಲಂಬಿತದಲ್ಲಿ ತಬಲಾ ಗವಾಯಿಗಳನ್ನು ನಿಲ್ಲಲು ಬಿಡದೆ ತಳ್ಳಿಕೊಂಡು ಹೋಗುತ್ತದೆ ಎಂದು ಬರೆದೆ. ಕಿವಿಗೆ ಕೇಳಿದ್ದು ಅದೇ. ಪ್ರಾಮಾಣಿಕ ಎಂದು ಒಳಗೊಳಗೇ ಹೆಮ್ಮೆಪಟ್ಟೆ ಕೂಡ.

ಹಡಗಲಿಯ ಕಾರ್ಯಕ್ರಮಕ್ಕೆ ಗವಾಯಿಗಳು ಬೇರೆ ತಬಲಜಿಯನ್ನು ಕರೆದರು. “ನಿನ್ನ ಕೈ ಓಡ್ತೈತಂತ ಪೇಪರ್‌ನ್ಯಾಗ ಬಂದೈತಲ್ಲಪ್ಪಾ” ಎಂದರಂತೆ. ಕಂಪನಿಯವರು ಕೊಟ್ಟ ಒಂದೇ ಕ್ಯಾಸೆಟ್ಟು ಗವಾಯಿಗಳ ಹತ್ತಿರ ಇತ್ತು. ನಮ್ಮ ಮನೆಯಲ್ಲಿದ್ದದ್ದು ನಾನು ಅಂಗಡಿಯಲ್ಲಿ ಮಾಡಿಸಿ ತಂದ ಕಾಪಿ. ನೀನು ಅದನ್ನು ಮೂರು ಸಲ ಕೇಳಿದೆ. “ತಬಲಾದ ಸುರ ಇಷ್ಟ್ಯಾಕ ಏರೈತೋ? ಬಿಸಿಲಿಗೆ ಚರ್ಮ ಬಿಗಿದಿರಬೇಕು” ಅಂದೆ. ಆಮೇಲೆ, “ಖರೇನ ಓಡೀನಲ್ಲೋ ತಮ್ಮಾ” ಅಂದೆ. ಅವತ್ತಿನಿಂದ ನೀನು ಪ್ರತಿ ಪೆಟ್ಟಿಗೂ ಹಿಂಜರಿಯತೊಡಗಿದೆ, ಕಡೆಗೆ ತಬಲಾ ಜೋಡಿಯನ್ನು ಅಟ್ಟಕ್ಕೆ ಹಾಕಿ ಗೋವಾ ಬಸ್ಸು ಹತ್ತಿದೆ. “ಪೇಪರ್‌ನ್ಯಾಗ ಬರದಾಂವನ ಕೈ ಬಿದ್ದು ಹೋಗ್ಲಿ” ಎಂದು ಅವ್ವ ಒಲೆಯ ಮುಂದೆ ಕೂತು ಶಪಿಸಿದಳು. ನಾನು ಅದೇ ಕೈಯಿಂದ ರೊಟ್ಟಿ ಮುರಿಯುತ್ತಿದ್ದೆ.

ಹೋದ ವಾರ ಅದೇ ಮುಲ್ತಾನಿ ಸೀಡಿಯಾಗಿ ಮರುಬಿಡುಗಡೆಯಾಗಿ, ವಿಮರ್ಶೆಗೆಂದು ನನಗೇ ಬಂತು. ಹೊದಿಕೆಯ ಮೇಲೆ ಮೂವತ್ಮೂರು ನಿಮಿಷ ಎಂದಿದೆ. ನಮ್ಮ ಕ್ಯಾಸೆಟ್ಟಿನಲ್ಲಿ ಮೂವತ್ತಕ್ಕೇ ಮುಗಿಯುತ್ತಿತ್ತು. ಸೀಡಿಯಲ್ಲಿ ಹಾಡು ಎಲ್ಲೂ ಹೆಚ್ಚಾಗಿರಲಿಲ್ಲ. ಗವಾಯಿಗಳ ದನಿ ದಪ್ಪಗೆ, ಕೆಳಗೆ ಇತ್ತು. ಗಾದೆಪ್ಪನನ್ನು ಕೇಳಿದೆ. “ಲೇ, ಅರವತ್ತರ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಮೂವತ್ತ ನಿಮಿಷ. ಅದರಾಗ ಹಿಡೀಬೇಕಲ್ಲ? ಕಾಪಿ ಮಾಡೋ ಮಷಿನ್ನಿನ ಮೋಟರ್ ಸ್ಕ್ರೂ ಒಂಚೂರು ತಿರುವಿದ್ದೆ. ಅದರಾಗ ಏನ್ ಹಾಕಿದ್ರೂ ಓಡ್ತೈತಿ. ಕುದರಿ ಓಡಿದ್ರ ಕಣ್ಣಿಗೆ ಕಾಣ್ತೈತಿ, ಕ್ಯಾಸೆಟ್ ಓಡಿದ್ರ ಯಾರಿಗ್ಗೊತ್ತಾಗ್ತೈತಿ?” ಎಂದು ನಕ್ಕ. ನಾನು ಅಂದು ವಿಮರ್ಶೆಗೆ ಕೇಳಿದ್ದು ಆ ಮಷಿನ್ನಿನಲ್ಲೇ. ನನಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಅಂಗಡಿಯ ಗಾಜು ಒರೆಸಿದೆ.

ಹೊಸ ವಿಮರ್ಶೆ ಕಳಿಸಿದ್ದೇನೆ. ಅದರಲ್ಲಿ ಬರೆದದ್ದು ಇಷ್ಟು: ತಂಬೂರಿ ಈಗ ನಿಚ್ಚಳ. ಸೀಡಿಯಲ್ಲಿ ಕೊನೆಯ ಭಜನೆಯನ್ನು ಕತ್ತರಿಸಿದ್ದು ತಪ್ಪು. ಮೊದಲ ವಿಮರ್ಶೆಯಲ್ಲಿ ತಬಲಾ ಕುರಿತು ಬರೆದದ್ದು ಸುಳ್ಳು, ಅದಕ್ಕೆ ಕಾರಣ ಇಂಥದ್ದು. ಕೆಳಗೆ ನನ್ನ ಸ್ವಂತ ಹೆಸರು ಹಾಕಿದ್ದೇನೆ. ಅಂಗಡಿಯ ಸಂಗತಿಯನ್ನೂ ಬರೆದಿದ್ದೇನೆ ಎಂದಾಗ ಗಾದೆಪ್ಪ ನನ್ನಿಂದ ಅಂಗಡಿಯ ಕೀಲಿಕೈ ಇಸಿದುಕೊಂಡ. ಅದು ಯಾವ ವಾರ ಅಚ್ಚಾಗುತ್ತದೋ, ಗವಾಯಿಗಳು ಓದುತ್ತಾರೋ ಇಲ್ಲವೋ.

ಸೀಡಿಯಲ್ಲಿ ಗವಾಯಿಗಳು ನಿಷಾದ ಸ್ವರದ ಮೇಲೆ ನಿಂತಾಗ ನಿನ್ನ ಎಡಗೈಯ ಬಾಯಾ ಅವರಿಗಾಗಿ ಕಾಯುತ್ತದೆ. ನೀನು ಓಡಿಲ್ಲ ಅಣ್ಣಾ.

ಊಟ ತಪ್ಪಿಸಬೇಡ, ಕೆಮ್ಮಿಗೆ ಔಷಧಿ ತಗೋ. ಬೈದಾದರೂ ಒಂದು ಕಾಗದ ಬರೆ.

ನಿನ್ನ ತಮ್ಮ,
ಕ್ರಾಂತಿ

ತಾ. ಕ.: ಮಧ್ಯಾಹ್ನ ಅವ್ವನಿಗೆ ಹೇಳಿದೆ. ತಾಟಿಗೆ ರೊಟ್ಟಿ ಹಾಕಿದಳು. ಅಟ್ಟದಿಂದ ತಬಲಾ ಇಳಿಸಿ ಧೂಳು ಒರೆಸಿಟ್ಟಿದ್ದೇನೆ. ಗವಾಯಿಗಳಿಗೆ ಆ ಮೂವತ್ಮೂರು ನಿಮಿಷವನ್ನು ಎದುರು ಕೂತು ಕೇಳಿಸಬೇಕು, ಬರೆದವನು ನಾನೇ ಎಂದು ಹೇಳಬೇಕು. ನಾಳೆ ಬೆಳಗಿನ ಹರಪನಹಳ್ಳಿ ಬಸ್ಸಿಗೆ ನೀಲಗುಂದಕ್ಕೆ ಹೊರಡುತ್ತೇನೆ.