ಇವರು ಬಿಟ್ಟುಹೋದ ಹೆಪ್ಪು

ಸೆಪ್ಟೆಂಬರ್ 7, 2017. ಗುರುವಾರ

ಬೆಳಗ್ಗೆ ಐದು ಬಕೆಟ್ ಬಾರ್ಲಿ ಚರಟ ಬಂತು. ಮನೆಯಲ್ಲಿ ಬಿಯರ್ ಮಾಡಿದ ಮೇಲೆ ಉಳಿಯುವುದನ್ನು ಗಿರಾಕಿಗಳು ಕಸಕ್ಕೆ ಹಾಕದೆ ಅಂಗಡಿಗೆ ತರಬೇಕು. ನಮ್ಮ ಮನೆಯವರು ಮಾಡಿದ ರೂಲ್. ಪಕ್ಕದ ಫಾರ್ಮ್‌ನ ಆಡುಗಳಿಗೆ ಹೋಗುತ್ತದೆ. ಇವರು ತೀರಿಕೊಂಡು ಐದು ತಿಂಗಳು. ಆಡುಗಳಿಗೇನು ಗೊತ್ತು, ತಿನ್ನುತ್ತವೆ.

ನಾನು ಒಂದು ಹನಿ ಕುಡಿದವಳಲ್ಲ. ಈ ಪರದೇಶದ ಲಾರೆನ್ಸ್‌ವಿಲ್‌ನಲ್ಲಿ ಕೂತು ಬಿಯರ್ ಮಾಡುವವರಿಗೆ ಸಾಮಾನು ಮಾರುತ್ತಿದ್ದೇನೆ. ಧಾರವಾಡದ ತವರಿನವರಿಗೆ "ಬೇಕಿಂಗ್ ಸಪ್ಲೈ" ಅಂತ ಹೇಳಿದ್ದೇನೆ. ಯೀಸ್ಟ್ ಇದೆಯಲ್ಲ... ಪೂರ್ತಿ ಸುಳ್ಳಲ್ಲ.

ಸೆಪ್ಟೆಂಬರ್ 9. ಶನಿವಾರ ಸಂಜೆ

ಡಾರ್ನೆಲ್ ಬಂದಿದ್ದ. ಸ್ಕೂಲ್ ಬಸ್ ಓಡಿಸುತ್ತಾನೆ, ಇವರ ಮೊದಲ ಗಿರಾಕಿ. ಇರ್ಮಾ ಚಂಡಮಾರುತದ ಚಿಂತೆ ಅವನಿಗೆ.

"ಮಿಸ್ ಗಂಗಾ, ಕರೆಂಟ್ ಹೋಗುತ್ತೆ. ಶಶಿ ಯೀಸ್ಟ್ ಅರ್ಧ ನಂಗೆ ಕೊಡಿ. ನಮ್ಮನೇಲಿ ಜನರೇಟರ್ ಇದೆ."

ಇವರು ಏಳು ವರ್ಷ ಸಾಕಿದ ಯೀಸ್ಟ್, ಬಿಯರ್‌ಗೆ ಹಾಕುವ ಹೆಪ್ಪು; ಇವರ ಹೆಸರಿನಲ್ಲೇ ಕರೆಯುತ್ತಾರೆ. ಕೇಳಿದವರಿಗೆಲ್ಲ ಚಮಚ ಚಮಚ ಕೊಡುತ್ತಿದ್ದರು. ಇವರು ಹೋದ ಮೇಲೆ ನಾನು ಯಾರಿಗೂ ಕೊಟ್ಟಿಲ್ಲ. ಈಗ ಇರುವುದು ಫ್ರಿಜ್‌ನಲ್ಲಿ ಒಂದೇ ಜಾರ್.

ದೀಪ ಹಚ್ಚಿದ ಮೇಲೆ ಹೆಪ್ಪು ಹೊರಗೆ ಕೊಡಬಾರದು ಅಂದೆ. "ನಾಳೆ ಬರ್ಲಾ?" ಅಂದ. ಭಾನುವಾರ ಅಂಗಡಿ ಇಲ್ಲ ಅಂದೆ.

ಎಲ್ಲ ನೆಪ. ಕೊಡುವ ಮನಸ್ಸಾಗಲಿಲ್ಲ, ಅಷ್ಟೇ. ಅವನಿಗೂ ಗೊತ್ತಾಗಿರಬೇಕು. ಹೊರಟುಹೋದ.

ಸೆಪ್ಟೆಂಬರ್ 12. ಮಂಗಳವಾರ

ನಿನ್ನೆಯಿಂದ ಕರೆಂಟ್ ಇಲ್ಲ. ಗಿರಾಕಿಗಳು ಬಿಯರ್ ಕುದಿಸುವ ಪ್ರೊಪೇನ್ ಗ್ಯಾಸ್ ಒಲೆಗಳನ್ನು ಪಾರ್ಕಿಂಗ್ ಲಾಟ್‌ಗೆ ತಂದರು. ಅವರ ದೊಡ್ಡ ಪಾತ್ರೆಯಲ್ಲಿ ನನ್ನ ಉಪ್ಪಿಟ್ಟು. ಬೀದಿಯವರೆಲ್ಲ ತಿಂದರು. ಒಬ್ಬಳು "ಸ್ಪೈಸಿ ಗ್ರಿಟ್ಸ್" ಅಂದಳು. ಗ್ರಿಟ್ಸ್ ಅಂದರೆ ಇಲ್ಲಿಯವರ ಮೆಕ್ಕೆಜೋಳದ ಗಂಜಿ. ಅನ್ನಲಿ ಬಿಡು.

ಫ್ರಿಜ್ ಬೆಚ್ಚಗಾಗಿದೆ. ಇರುವೆ ಹೋಗದಿರಲಿ ಅಂತ ಜಾರ್‌ನ ಮುಚ್ಚಳ ಇನ್ನೊಂದು ಸುತ್ತು ಬಿಗಿ ಮಾಡಿದೆ.

ಸೆಪ್ಟೆಂಬರ್ 14. ಗುರುವಾರ

ಜಾರ್ ಒಡೆದಿದೆ. ಸೆಖೆಗೆ ಒಳಗೆ ಗ್ಯಾಸ್ ತುಂಬಿ... ಮುಚ್ಚಳ ಸಡಿಲ ಇರಬೇಕಿತ್ತು. ಮೊಸರಿನ ಹೆಪ್ಪಿನ ಹಾಗೆ ಮುಚ್ಚಿಟ್ಟೆ, ಮೊಸರಿನ ಬುದ್ಧಿ ನನ್ನದು. ಎಲ್ಲ ಕಡೆ ಗಾಜಿನ ಚೂರು, ಒಂದು ಚಮಚವೂ ಉಳಿಸುವಂತಿಲ್ಲ.

ನೆಲದ ಮೇಲೆ ಕೂತು ಅತ್ತೆ. ಏಪ್ರಿಲ್‌ನಲ್ಲಿ ಇವರು ಹೋದಾಗಲೂ ಇಷ್ಟು ಅತ್ತಿರಲಿಲ್ಲ. ಅವತ್ತು ಅರ್ಧ ಕೊಟ್ಟಿದ್ದರೆ ಇವತ್ತು ಅರ್ಧ ಇರುತ್ತಿತ್ತು.

ಸೆಪ್ಟೆಂಬರ್ 16. ಶನಿವಾರ

ಡಾರ್ನೆಲ್‌ಗೆ ಹೇಳಿದೆ. ಬೈಯಲಿಲ್ಲ. ಮನೆಗೆ ಹೋಗಿ ಒಂದು ಬಾಟಲ್ ತಂದ. ಇವರ ಯೀಸ್ಟ್‌ನಲ್ಲಿ ಮಾಡಿದ ಕೊನೆಯ ಬಿಯರ್. ಕುಡಿಯಲು ಮನಸ್ಸಾಗದೆ ಇಟ್ಟಿದ್ದನಂತೆ — ಅವನೂ!

"ತಳದಲ್ಲಿ ಯೀಸ್ಟ್ ಗಸಿ ಇದೆ. ಜೀವ ಇದ್ರೂ ಇರ್ಬಹುದು. ಪ್ರಾಮಿಸ್ ಮಾಡಲ್ಲ."

ಮೇಲಿನ ಬಿಯರನ್ನು ಗ್ಲಾಸಿಗೆ ಬಗ್ಗಿಸಿದ. ಗಸಿಯನ್ನು ಬಾರ್ಲಿಯ ಸಿಹಿ ಮಾಲ್ಟ್ ನೀರಿಗೆ ಹಾಕಿದ; ಜೀವ ಇದ್ದರೆ ನೊರೆ ಏಳುತ್ತದಂತೆ. ಗ್ಲಾಸಿನದನ್ನು ಚೆಲ್ಲಲು ನನಗೆ ಕೈ ಬರಲಿಲ್ಲ. ಕಣ್ಣು ಮುಚ್ಚಿ ಒಂದು ಗುಟುಕು ಕುಡಿದೆ. ಕಹಿ! ಇದಕ್ಕಾ ಇವರು ಇಂಜಿನಿಯರ್ ಕೆಲಸ ಬಿಟ್ಟಿದ್ದು? ಡಾರ್ನೆಲ್ ನಕ್ಕ. ಉಳಿದದ್ದನ್ನು ಅವನೇ ಕುಡಿದು ಕಣ್ಣೊರೆಸಿಕೊಂಡ.

ಸೆಪ್ಟೆಂಬರ್ 18

ಏನೂ ಇಲ್ಲ. ಹಾಕಿದ ಹಾಗೇ ಇದೆ.

ಸೆಪ್ಟೆಂಬರ್ 20. ಬೆಳಗ್ಗೆ 6.40

ನಿನ್ನೆಯೂ ಏನಿಲ್ಲ. ಇವತ್ತು ಚೆಲ್ಲಿಬಿಡೋಣ ಅಂತ ಸಿಂಕ್ ಹತ್ತಿರ ಒಯ್ದೆ. ಮೇಲೆ ನೊರೆ. ತೆಳ್ಳಗೆ, ಒಂದು ಕಾಸಿನಗಲ. ಕಿವಿ ಇಟ್ಟೆ. ಚಿರಿಚಿರಿ ಸದ್ದು.

ನೋಡ್ತಾ ನೋಡ್ತಾ ಇನ್ನೂ ಅಗಲ ಆಯ್ತು. ಬದುಕಿದೆ. ರೀ, ಬದುಕಿದೆ ರೀ... ಎಲ್ಲರಿಗೂ ಕೊಡ್ತೀನಿ. ಕೇಳಿದವರಿಗೆಲ್ಲ. ಕಿಟಕಿಯಾಚೆ ಡಾರ್ನೆಲ್ ಬಸ್ ಸಿಗ್ನಲ್‌ನಲ್ಲಿ ನಿಂತಿದೆ, ಓಡಿ ಹೋಗಿ ಹೇಳ್ತೀನಿ, ನಿಮ್ಮ ಹೆಪ್ಪು ಬದುಕಿದೆ ಅಂ—