ಟಾರ್ಚಿಗೆ ಮುದುಡಿದ ರೆಕ್ಕೆ

೧೪ ಜುಲೈ, ಸೋಮವಾರ. ಅಡಾಜಣ್.

ಊಟ ಸೇರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆ.

ಹೋದ ವಾರ ಟಾರ್ಚಿನ ಬೆಳಕು ಬಿಟ್ಟು ನನ್ನ ತೊಟ್ಟಿಯ ಕ್ಯಾಟ್‌ಫಿಶ್ ಮರಿಗಳನ್ನು ತಳಿಗೆಂದು ವಿಂಗಡಿಸಿದೆ. ಬೆನ್ನಿನ ರೆಕ್ಕೆ ಉದ್ದವಿದ್ದ ಒಂಬತ್ತನ್ನು ಇಟ್ಟುಕೊಂಡು, ಮೋಟು ರೆಕ್ಕೆಯವನ್ನೆಲ್ಲ ಅಕ್ವೇರಿಯಂ ಅಂಗಡಿಯ ಹಿತೇಶಭಾಯಿಗೆ ಕೊಟ್ಟೆ. "ಯೇ ಖಾ ಲೇಗಾ," ಇದು ತಿಂದುಬಿಡುತ್ತೆ, ಎಂದು ನಗುತ್ತಾ ಆತ ನನ್ನೆದುರೇ ಅವನ್ನು ದೊಡ್ಡ ಮೀನಿನ ತೊಟ್ಟಿಗೆ ಸುರಿದ. ನಾನೂ ನಕ್ಕೆ. ಥೂ.

ಇವತ್ತು ಸಂಜೆ ತೊಳೆಯಲೆಂದು ಫಿಲ್ಟರ್ ಎತ್ತಿದರೆ ಅದರ ಹಿಂದೆ ಒಂದು ಮರಿ. ಒಂದು ಮೀಸೆ ಮುರಿದದ್ದು. ಮೋಟು ಎಂದು ನಾನೇ ತೆಗೆದಿಟ್ಟಿದ್ದೆ, ಬಲೆಯಿಂದ ಜಾರಿರಬೇಕು. ರೂಮ್‌ಮೇಟ್ ಗೌತಮಿ ಲೈಟ್ ಆರಿಸಿ ಕಿಟಕಿಯ ಮಬ್ಬು ಬೆಳಕಲ್ಲೇ ನೋಡುತ್ತಾ ಕೂತಳು. ಸ್ವಲ್ಪ ಹೊತ್ತಿಗೆ ಅದು ರೆಕ್ಕೆ ಬಿಚ್ಚಿತು. ಸೆರಗಿನ ಹಾಗೆ, ಬಾಲದವರೆಗೂ.

"ಉದ್ದಾನೇ ಇದ್ಯಲ್ಲೇ! ನೀನು ಟಾರ್ಚ್ ಬಿಟ್ರೆ ಹೆದರಿ ಮುದುಡ್ಕೊಳ್ಳುತ್ತೆ, ಅಷ್ಟೇ."

ನಂಬದೆ ಮತ್ತೆ ಟಾರ್ಚ್ ಬಿಟ್ಟೆ. ರೆಕ್ಕೆ ಮೈಗಂಟಿಕೊಂಡಿತು.

ಹಾಗಾದರೆ ನಾನು ಇಟ್ಟುಕೊಂಡದ್ದು ನನಗೆ ಹೆದರದ ಒಂಬತ್ತನ್ನು. ಹೆದರಿದವನ್ನೆಲ್ಲ ಹಿಡಿದು ಕೊಟ್ಟೆ.

ಮೀಸೆ ಮುರಿದದ್ದು ಈಗ ಮತ್ತೆ ಫಿಲ್ಟರಿನ ಹಿಂದೆ ಸೇರಿಕೊಂಡಿದೆ. ಲೈಟ್ ಹಾಕಿಲ್ಲ. ಆದರೂ ನಾನು ಹತ್ತಿರ ಹೋದರೆ ಸಾಕು, ಅದು ರೆಕ್ಕೆ ಮುದುಡಿಕೊಳ್ಳುತ್ತದೆ.